ಏಳನೇ ಪೆಟ್ಟಿಗೆಯ ಕೂಗು

"ಬಾಗಿಲು ಹಾಕ್ಕೊಂಡು ಬನ್ನಿ ಅಣ್ಣಾ," ಎಂದರು ಮೇಡಂ. ಅವನು ಬಾಗಿಲು ಹಾಕಿದ. ಸಿಕ್ಕಿಬಿದ್ದೆ ಅಂದುಕೊಂಡ.

ಆ ಸಂಶೋಧನಾ ಕೇಂದ್ರದಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸಹಾಯಕ. ಕಾಡಿನ ಒಂದೊಂದು ಮರದ ಸುತ್ತಳತೆಯೂ ಅವನೇ ಕೈಯಾರೆ ಅಳೆದದ್ದು. ಕೇಂದ್ರಕ್ಕೆ ಮುಖ್ಯಸ್ಥೆ ಮೇಡಂ. ಮರಗಳಿಗೆ ಕಟ್ಟಿದ ಧ್ವನಿಮುದ್ರಣದ ಪೆಟ್ಟಿಗೆಗಳನ್ನು ಕೇಳುವವರೂ ಅವರೇ.

ಆ ಕಾಡನ್ನು ಕಡಿಯದೆ ಉಳಿಸಿದ್ದೇ ಅಳಿವಿನಂಚಿನ ಕೆಂಗೊರಳ ಹಕ್ಕಿ; ಎರಡು ವರ್ಷದಿಂದ ಅದು ಕೂಗಿರಲಿಲ್ಲ. ಮೂರನೇ ವರ್ಷವೂ ಕೂಗದಿದ್ದರೆ ಕಾಡು ಮರದ ಕಂಪನಿಯ ಪಾಲು. ಒಂದು ಹಕ್ಕಿ ಸಾಲದು, ಜೋಡಿಯೇ ಇರಬೇಕೆಂಬ ನಿಯಮ ಬೇರೆ. ಕಂಪನಿಯ ಯಂತ್ರಗಳು ಆಗಲೇ ಗೇಟಿನಾಚೆ ಬಂದು ನಿಂತಿದ್ದವು. ಒಂದು ಮುಂಜಾನೆ ತಡೆಯಲಾರದೆ, ಹಳ್ಳದ ಬಳಿಯ ಏಳನೇ ಪೆಟ್ಟಿಗೆಯ ಮುಂದೆ ನಿಂತು, ಅಂಗೈ ಬೊಗಸೆ ಮಾಡಿ, ಹಕ್ಕಿಯ ಹಾಗೆ ಕೂಗಿಬಿಟ್ಟ.

ಎರಡು ವಾರ ಕಳೆದು ನಂಬಲಾಗದ್ದು ನಡೆಯಿತು. ಗುಡ್ಡದ ಮೇಲಿನ ನಾಲ್ಕನೇ ಪೆಟ್ಟಿಗೆಯಲ್ಲಿ ಇನ್ನೊಂದು ಕೂಗು! ಅವನ ಸುಳ್ಳಿಗೆ ನಿಜವಾದ ಹಕ್ಕಿ ಓಗೊಟ್ಟಿತ್ತು. ಅಂದು ಊಟದ ಕೋಣೆಯಲ್ಲಿ ಎಲ್ಲರೆದುರೇ ಅತ್ತುಬಿಟ್ಟ. ವಯಸ್ಸಾಯಿತು, ಕಣ್ಣು ಸೋರುತ್ತೆ ಎಂದು ಉಳಿದವರು ನಕ್ಕರು. ಆಮೇಲೆ ಒಂದು ವಾರವೂ ತಪ್ಪಿಸದೆ ಕೂಗಿದ.

ಮೇಡಂ ಹೆಡ್‌ಫೋನು ಚಾಚಿದರು. "ಏಳರದ್ದು ಕೇಳಿ. ಗಂಟಲು ಕಟ್ಟಿದ ಹಾಗಿಲ್ವಾ?"

"ಹಕ್ಕಿಗೂ ನೆಗಡಿ ಆಗುತ್ತೋ ಏನೋ, ಮೇಡಂ."

ಅವರು ನಗಲಿಲ್ಲ. "ನಾಳೆ ಕಾಡಿನ ತೀರ್ಮಾನ ಮಾಡೋ ಸಮಿತಿಯವರು ಬರ್ತಿದ್ದಾರೆ. ಕೂಗು ಸಾಲದಂತೆ, ಒಂದನ್ನಾದ್ರೂ ಕಣ್ಣಾರೆ ನೋಡಬೇಕಂತೆ. ನೀವು ಏಳಕ್ಕೆ ಕರ್ಕೊಂಡು ಹೋಗಿ."

"ನಾಲ್ಕಕ್ಕೆ ಹೋಗೋಣ, ಮೇಡಂ."

"ನಾಲ್ಕು ಬೇಡ."

"ಯಾಕೆ?"

"ಬೇಡ ಅಂದ್ನಲ್ಲ. ಏಳೇ ಆಗಬೇಕು."

ಇನ್ನು ಮುಚ್ಚಿಟ್ಟರೆ ಕಾಡೇ ಹೋಗುತ್ತದೆ. ಅವನು ಹೆಡ್‌ಫೋನು ಕೆಳಗಿಟ್ಟ.

"ಏಳರಲ್ಲಿ ಏನೂ ಇಲ್ಲ ಮೇಡಂ. ಅಲ್ಲಿ ಕೂಗ್ತಾ ಇದ್ದದ್ದು ನಾನು. ಕೆಲಸದಿಂದ ತೆಗೀರಿ, ಪೊಲೀಸಿಗೆ ಕೊಡಿ, ಏನು ಬೇಕಾದ್ರೂ ಮಾಡಿ. ಆದ್ರೆ ನಾಳೆ ಅವರನ್ನ ಗುಡ್ಡಕ್ಕೆ ಕರ್ಕೊಂಡು ಹೋಗೋಣ. ನಾಲ್ಕರದ್ದು ಅಪ್ಪಟ ಹಕ್ಕಿ. ಅದೊಂದು ಅವರ ಕಣ್ಣಿಗೆ ಬಿದ್ರೆ ಸಾಕು, ಜೋಡಿಗೆ ಏಳರ ಕೂಗು ಹೇಗೂ ಇದೆ."

ಮೇಡಂ ಹೆಡ್‌ಫೋನು ಎತ್ತಿ ಪಕ್ಕಕ್ಕಿಟ್ಟರು. ಹೊರಗೆ ಯಾರೋ ಯಂತ್ರವೊಂದನ್ನು ಚಾಲೂ ಮಾಡಿ ನೋಡಿ, ನಿಲ್ಲಿಸಿದರು.

"ನಾಲ್ಕರಲ್ಲಿ ಕೂಗಿದ್ದು ನಾನು, ಅಣ್ಣಾ. ಏಳರದ್ದಕ್ಕೆ ಜೊತೆ ಬೇಕಿತ್ತಲ್ಲಾ."