ಡೊಂಕು ಸ್ಕೇಲು

"ಈ ಸ್ಕೇಲು ಡೊಂಕು. ವಾಪಸ್ ತಗೊಳ್ಳಿ!"

ಡ್ರೈವರಣ್ಣ ಸ್ಕೇಲನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಗುಂಡಿಗಳ ಡಬ್ಬಿ ಗಲಗಲ ಅಂದಿತು. ಬಸ್ಸು ಓಡಿಸುವುದನ್ನು ಬಿಟ್ಟು ವರ್ಷಗಳಾದರೂ ಆತನ ದನಿಯಲ್ಲಿ ಹಾರ್ನ್ ಮಾತ್ರ ಹಾಗೇ ಉಳಿದಿತ್ತು. ಹಿಂದೆ ನಿಂತಿದ್ದ ಹೆಂಡತಿ, ಎಡಗೈಯನ್ನು ಶಾಲಿನೊಳಗೆ ಮರೆಮಾಡಿಕೊಂಡು, "ರೀ, ಮೆಲ್ಲಗೆ" ಅಂದಳು.

ಹೊಲಿಗೆ ಸಾಮಾನಿನ ಅಂಗಡಿಯಾಕೆ ಸ್ಕೇಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಕಾಗದದ ಮೇಲಿಟ್ಟು ಒಂದು ಗೆರೆ ಎಳೆದಳು. ಸ್ಕೇಲನ್ನು ಮಗುಚಿ, ಅದೇ ಅಂಚಿನಿಂದ ಅದೇ ಗೆರೆಯ ಮೇಲೆ ಇನ್ನೊಂದು ಎಳೆದಳು. ಎರಡೂ ಸೇರಿ ಒಂದೇ ಗೆರೆಯಾಯಿತು. ಬೇರೊಂದು ಸ್ಕೇಲನ್ನು ಅದರ ಮೇಲಿಟ್ಟು ಇಂಚಿಗೆ ಇಂಚು ತಾಳೆ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇದರಲ್ಲಿ ಏನೂ ದೋಷ ಇಲ್ಲ ಅಣ್ಣಾ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ನಿಮ್ಮ ಕಥೆ."

ಡ್ರೈವರಣ್ಣ ಗಾಬರಿಯಿಂದ ಹೆಂಡತಿಯತ್ತ ತಿರುಗಿ ನೋಡಿದ. ಇಂಥ ಮಾತು ಹೆಂಡತಿಯ ಕಿವಿಗೆ ಬೀಳಬಾರದೆಂದೇ ಅಲ್ಲವೇ ಆತ ಕಂಡ ಕಂಡ ಸ್ಕೇಲಿನ ಮೇಲೆ ಗೂಬೆ ಕೂರಿಸುತ್ತ ಬಂದದ್ದು! ಪಾರ್ಶ್ವವಾಯು ಹೊಡೆದು ಅವಳ ಎಡಗೈ ಬಿದ್ದುಹೋಗಿತ್ತು. ಹಾಸಿಗೆ ಹಿಡಿದವಳನ್ನು ಎಬ್ಬಿಸಿ ಕೂರಿಸಿದ್ದು ಔಷಧಿಯಲ್ಲ, ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುವ ಕೆಲಸ. ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕೊಯ್ಯುವಾಗ ಆತ ಸ್ಕೇಲು ಒತ್ತಿ ಹಿಡಿಯುತ್ತಿದ್ದ, ಅವಳು ಬಲಗೈಯಲ್ಲಿ ದುಂಡು ಬ್ಲೇಡಿನ ಗಾಲಿ ಕಟರ್ ಉರುಳಿಸುತ್ತಿದ್ದಳು. ಆದರೆ ಪಟ್ಟಿಗಳು ನೆಟ್ಟಗೆ ಬರುತ್ತಿರಲಿಲ್ಲ. ರೋಗ ಬಲಗೈಗೂ ಇಳಿಯುತ್ತಿದೆಯೆಂದು ಆತನಿಗೆ ಒಳಗೊಳಗೇ ನಡುಕ. ಅದನ್ನು ಅವಳಿಗೆ ಹೇಳಿದರೆ ಇದ್ದೊಂದು ಆಸರೆಯನ್ನೂ ಕಿತ್ತುಕೊಂಡಂತೆ. ಹಾಗಾಗಿ ಮೊದಲು ಮನೆಯ ಸ್ಟೀಲ್ ಸ್ಕೇಲನ್ನು ಬೈದ. ಅದು ತೆಳು, ಬ್ಲೇಡು ಅದರ ಮೇಲೇ ಹತ್ತಿಬಂದಿತ್ತು. ಆ ಬೈಗುಳದಲ್ಲಿ ನ್ಯಾಯವಿತ್ತು. ಆಮೇಲೆ ಶಾಲೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಬೈದ. ಈಗ ಗಾಜಿನಂತೆ ದಪ್ಪಗಿದ್ದು, ಬಟ್ಟೆಯ ಮೇಲೆ ಜಾರದಂತೆ ಕಚ್ಚಿ ಕೂರುವ ಈ ಹೊಸದಕ್ಕೂ ಅದೇ ಮಂಗಳಾರತಿ.

"ಸ್ಕೇಲೇ ಡೊಂಕಮ್ಮಾ" ಎನ್ನುತ್ತ ಆತ ಅಂಗಡಿಯಾಕೆಗೆ ಕಣ್ಣು ಮಿಟುಕಿಸಿದ, ಹೂಂ ಅಂದುಬಿಡು ಅನ್ನುವಂತೆ.

"ಕಣ್ಣಿಗೆ ಧೂಳು ಬಿತ್ತಾ ಅಣ್ಣಾ?"

ಹೆಂಡತಿ ಏನೂ ಕೇಳಿಸದವಳಂತೆ ದಾರದ ಉಂಡೆಗಳ ಬಣ್ಣ ನೋಡುತ್ತಿದ್ದಳು. ಕೊಯ್ದ ಪಟ್ಟಿಗಳಿವೆಯಾ ಎಂದು ಅಂಗಡಿಯಾಕೆ ಕೇಳಿದಾಗ ಚೀಲದಿಂದ ತೆಗೆದುಕೊಟ್ಟಳು. ಆಕೆ ಅವನ್ನು ಒಂದರ ಮೇಲೊಂದು ಪೇರಿಸಿದಳು. ಪ್ರತಿ ಪಟ್ಟಿಯ ಅಂಚೂ ಅರ್ಧದವರೆಗೆ ನೇರವಾಗಿ ಬಂದು, ಅಲ್ಲೊಂದು ಸಣ್ಣ ಹೊಟ್ಟೆ ಬಿಟ್ಟು, ಮತ್ತೆ ನೇರವಾಗಿತ್ತು. ಎಲ್ಲದಕ್ಕೂ ಒಂದೇ ಜಾಗದಲ್ಲಿ ಹೊಟ್ಟೆ.

"ಕೈ ಸೋತವರು ಎಲ್ಲೆಂದರಲ್ಲಿ ತಪ್ತಾರೆ. ಹೀಗೆ ಜಾಗ ಗುರುತಿಟ್ಕೊಂಡು ಯಾರೂ ತಪ್ಪಲ್ಲ. ಎಲ್ಲಿ, ನನ್ನೆದುರಿಗೇ ಒಂದು ಕೊಯ್ದು ತೋರಿಸಿ" ಎಂದು ಆಕೆ ಮೇಜಿನ ಮೇಲೆ ಬಟ್ಟೆ ಹಾಸಿದಳು.

ಡ್ರೈವರಣ್ಣ ಮೈಭಾರವನ್ನೆಲ್ಲ ಬಿಟ್ಟು ಸ್ಕೇಲು ಒತ್ತಿದ. ಹೆಂಡತಿ ಕಟರ್ ಉರುಳಿಸಿದಳು. ಬ್ಲೇಡು ಅಂಚಿಗೆ ಅಂಟಿಕೊಂಡೇ ಸರಸರ ಹೊರಟಿತು. ಅರ್ಧ ದಾರಿಯಲ್ಲಿ, ರಸ್ತೆಯಲ್ಲಿ ಮಲಗಿದ ನಾಯಿಯನ್ನು ಬಳಸಿ ಹೋಗುವ ಬಸ್ಸಿನಂತೆ, ತುಸು ಆಚೆ ಸರಿದು ಮತ್ತೆ ದಾರಿಗೆ ಬಂತು. ಅಲ್ಲಿದ್ದದ್ದು ಡ್ರೈವರಣ್ಣನ ಹೆಬ್ಬೆರಳು. ಸ್ಕೇಲು ಕಿರಿದು, ಒತ್ತುವ ಭರದಲ್ಲಿ ಬೆರಳು ಅದರ ಅಂಚು ದಾಟಿ ಹೊರಗೆ ಇಣುಕಿತ್ತು.

ಅಂಗಡಿಯಾಕೆ ಆ ಬೆರಳನ್ನೇ ನೋಡಿದಳು. ಡ್ರೈವರಣ್ಣನೂ ನೋಡಿದ.

"ಅಂದ್ರೆ... ನಿನ್ನ ಬಲಗೈಗೆ ಏನೂ ಆಗಿಲ್ವೇನೇ?"

"ನನ್ನ ಬಲಗೈಗೇನು ಧಾಡಿ! ಗುಂಡುಕಲ್ಲಿನ ಹಾಗಿದೆ."

"ಮತ್ತೆ, ಬೆರಳು ತೆಗೀರಿ ಅಂತ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಒಂದ್ಸಲ ಹೇಳಿದ್ದಕ್ಕೆ, ಹಾಗಾದ್ರೆ ನೀನೇ ಹಿಡ್ಕೋ ಅಂತ ಎದ್ದು ಹೋದ್ರಲ್ಲ, ಮರೆತ್ರಾ? ಒಂದು ಕೈಯಲ್ಲಿ ನಾನೇನು ಚಪ್ಪಾಳೆ ತಟ್ಲಾ?"

ಡ್ರೈವರಣ್ಣ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಇಷ್ಟು ದಿನ ಅವಳ ಕೈಯನ್ನು ನೋಡಿ ಅಯ್ಯೋ ಪಾಪ ಅಂದುಕೊಂಡಿದ್ದನಲ್ಲ.

ಅಂಗಡಿಯಾಕೆ ಒಳಗಿನಿಂದ ಅಂಗೈಗಿಂತ ಅಗಲವಾದ ಸ್ಕೇಲೊಂದನ್ನು ತಂದಳು. ಅದರ ಅಂಚಿನುದ್ದಕ್ಕೂ ಸಣ್ಣದೊಂದು ಗೋಡೆ ಎದ್ದಿತ್ತು. "ಕೈ ಗೋಡೆಯಿಂದ ಈಚೆ, ಬ್ಲೇಡು ಆಚೆ. ಬೆರಳು ದಾಟ್ತೀನಿ ಅಂದ್ರೂ ಇದು ಬಿಡಲ್ಲ. ಅಕ್ಕಾ, ಇನ್ನು ಧೈರ್ಯವಾಗಿ ಓಡಿಸಿ."

ಡ್ರೈವರಣ್ಣ ಎದ್ದು ಗೋಡೆಯ ಈಚೆಗೆ ಅಂಗೈ ಊರಿದ. ಹೆಬ್ಬೆರಳು ಗೋಡೆಗೆ ತಗುಲಿ ನಿಂತಿತು. ಹೆಂಡತಿ ಕಟರ್ ಓಡಿಸಿದಳು. ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ ಅಂಗಡಿಯಾಕೆ ಹಣೆ ಚಚ್ಚಿಕೊಂಡಳು. ಅದೇ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಹೊಟ್ಟೆ.

"ಅಯ್ಯೋ ಅಕ್ಕಾ, ಅಡ್ಡಕ್ಕೆ ಗೋಡೆನೇ ಇದೆಯಲ್ಲ! ಇನ್ನೂ ಯಾಕೆ ಸುತ್ತು ಹಾಕ್ತೀರಿ?"

"ಗೋಡೆ ಇರೋದು ನನಗೆ ಗೊತ್ತಮ್ಮಾ" ಅಂದಳು ಹೆಂಡತಿ, ಕಟರಿನ ಬ್ಲೇಡನ್ನು ಒಳಗೆ ಸರಿಸುತ್ತ. "ಕೈಗೆ ಇನ್ನೂ ಗೊತ್ತಾಗಿಲ್ಲ."