ಗಂಜಿ ಹಾಕಿದ ಫಿಲ್ಟರು

ಬಿಡಿಭಾಗಗಳ ಅಂಗಡಿಯ ಮೇಜಿನ ಮೇಲೆ ಗರಿಗರಿ ಅಣ್ಣ ನೀಟಾಗಿ ಮಡಚಿದ ಕಾಗದವೊಂದನ್ನು ಇಟ್ಟು, ಅಂಗೈಯಿಂದ ಒಮ್ಮೆ ಸವರಿ, "ಈ ಏರ್ ಫಿಲ್ಟರಿಗೆ ಬದಲು ಒಂದು ಹೊಸದು ಕೊಡು ತಾಯಿ" ಎಂದ. ಅಂಗಡಿಯಾಕೆ ಮಡಿಕೆ ಬಿಡಿಸಿದಳು. ಬಿಡಿಸಿದಷ್ಟೂ ಅದು ಉದ್ದವಾಗುತ್ತಾ ಹೋಗಿ, ಮೇಜು ದಾಟಿ ಆಚೆ ಬದಿಗೆ ಇಳಿಬಿತ್ತು.

"ಇದು ಏರ್ ಫಿಲ್ಟರಾ ಅಣ್ಣ?"

"ನಮ್ಮ ಕಾರಿಂದೇ. ತುಂಬಾ ಕೊಳೆಯಾಗಿತ್ತು, ಒಗೆದೆ."

"ಒಗೆದು ಗಂಜಿ ಹಾಕಿದಾರೆ, ಇಸ್ತ್ರಿನೂ ಮಾಡಿದಾರೆ," ಹಿಂದೆ ನಿಂತಿದ್ದ ಹೆಂಡತಿ ಸೇರಿಸಿದಳು. "ಸೇವೆಯಲ್ಲಿ ಏನೂ ಕಮ್ಮಿ ಮಾಡಿಲ್ಲ."

ದೇವರು ಒಬ್ಬೊಬ್ಬನಿಗೆ ಒಂದೊಂದು ಹಗೆಯನ್ನು ಕೊಟ್ಟು ಕಳಿಸುತ್ತಾನೆ. ಲಾಂಡ್ರಿಯ ಗರಿಗರಿ ಅಣ್ಣನಿಗೆ ಕೊಟ್ಟಿದ್ದು ಸುಕ್ಕು. ಹಿಂದಿನ ಸಂಜೆ ಕಾರಿನ ಬಾನೆಟ್ ಎತ್ತಿದಾಗ ಫಿಲ್ಟರು ಕಣ್ಣಿಗೆ ಬಿತ್ತು. ಮೈಯೆಲ್ಲ ಧೂಳು, ಅದು ಹೋಗಲಿ, ಈ ತುದಿಯಿಂದ ಆ ತುದಿಯವರೆಗೆ ನೆರಿಗೆಯೋ ನೆರಿಗೆ. ಕೂಡಲೇ ಅದನ್ನು ಹೊರಗೆ ತೆಗೆದ. ಸುತ್ತಲಿನ ರಬ್ಬರ್ ಅಂಚು ಬಿಡಿಸಿ, ಕಾಗದವನ್ನು ಮಗುವಿಗೆ ಎರೆಯುವ ಹಾಗೆ ನೀರಲ್ಲಿ ಆಡಿಸಿ, ತೆಳುವಾಗಿ ಗಂಜಿ ಹಾಕಿ, ಹದವಾದ ಬಿಸಿಯಲ್ಲಿ ಒಂದೊಂದೇ ನೆರಿಗೆಯನ್ನು ಸಮ ಮಾಡಿದ. ಆಮೇಲೆ ಅದು ಇಂಜಿನ್ನಿನ ಪಕ್ಕದ ತನ್ನ ಡಬ್ಬಿಯಲ್ಲಿ ಹಿಡಿಯಲಿಲ್ಲ. ಹಾಸಿಗೆಯ ಚಾದರ ಮಡಚಿದಂತೆ ಮಡಚಿ, ಒಳಗಿಟ್ಟು, ಮುಚ್ಚಳ ಒತ್ತಿ ಕೈಮುಗಿದ.

ಬೆಳಿಗ್ಗೆ ಗುಡ್ಡದ ಮೇಲಿನ ಅತಿಥಿಗೃಹದ ಚಾದರಗಳನ್ನು ತುಂಬಿಕೊಂಡು ಹೊರಟಾಗ, ಮೊದಲ ತಿರುವಿನಲ್ಲೇ ಕಾರು ಕೆಮ್ಮಿತು, ಬಿಕ್ಕಳಿಸಿತು, ನಿಂತಿತು. ಸ್ಟಿಯರಿಂಗ್ ಹಿಡಿದಿದ್ದ ಹೆಂಡತಿ ಜೀವ ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಇಳಿಸಿ ಈ ಅಂಗಡಿಯ ಮುಂದೆ ತಂದು ನಿಲ್ಲಿಸಿದ್ದಳು. ಮಧ್ಯಾಹ್ನದೊಳಗೆ ಚಾದರ ತಲುಪದಿದ್ದರೆ ನಾಳೆಯಿಂದ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಅತಿಥಿಗೃಹದವರು ಹೇಳಿಯಾಗಿತ್ತು.

ಅಂಗಡಿಯಾಕೆ ಕಾರು ಯಾವುದು, ಯಾವ ವರ್ಷದ್ದು, ಪೆಟ್ರೋಲೋ ಡೀಸೆಲೋ ಎಂದು ಕೇಳಿ, ಒಳಗಿಂದ ಮೂರು ಫಿಲ್ಟರು ತಂದು ಬಿಚ್ಚಿಟ್ಟಳು. ಗರಿಗರಿ ಅಣ್ಣನ ಮುಖ ಬಾಡಿತು.

"ಹೊಸದು ಅಂತೀಯ, ಎಲ್ಲಾ ಮುದುರಿಕೊಂಡಿದೆಯಲ್ಲಮ್ಮ." ಒಂದೊಂದನ್ನೇ ಬೆಳಕಿಗೆ ಹಿಡಿದು, ತೆಳ್ಳಗಿನದನ್ನು ಆರಿಸಿದ. "ಇದು ಪರವಾಗಿಲ್ಲ. ಸುಕ್ಕು ಕಮ್ಮಿ."

"ಅದು ಕಾರೊಳಗೆ ಕೂರೋರ ಮೂಗಿಗೆ ಅಣ್ಣ, ಎ.ಸಿ.ದು. ಇಂಜಿನ್ನಿಗೆ ಈ ದಪ್ಪದವು."

"ಎರಡೂ ಒಂದೇ ಥರ ಇವೆ."

"ನಿಮ್ಮ ಕಾರಿನ ಡಬ್ಬಿಗೆ ಇಟ್ಟು ನೋಡಿ."

ಕಾರಿಂದ ಬಿಚ್ಚಿ ತಂದಿದ್ದ ಡಬ್ಬಿಯಲ್ಲಿ ದಪ್ಪದವುಗಳಲ್ಲಿ ಮೊದಲನೆಯದನ್ನು ಇಟ್ಟ. ಅವನ ಕಣ್ಣಿಗೆ ಅಷ್ಟೇ ಸಾಕಾಯಿತು. "ಅಂಚಲ್ಲಿ ಸಂದು ಬಿಡ್ತದೆ. ದೊಡ್ಡ ದಿಂಬಿಗೆ ಗಿಡ್ಡ ಕವರ್ ಹಾಕಿದ ಹಾಗೆ. ಧೂಳು ಪಕ್ಕದಿಂದ ನುಗ್ಗತ್ತೆ." ಎರಡನೆಯದು ಸುತ್ತಲೂ ಕಚ್ಚಿ ಕೂತಿತು. ಕೂತದ್ದನ್ನು ಕಂಡು ಸಂತೋಷಪಟ್ಟ; ಮರುಗಳಿಗೆ ಹೊರಗೆ ತೆಗೆದ. "ಒಂದೈದು ನಿಮಿಷ ಕೊಡು ತಾಯಿ. ಇಸ್ತ್ರಿಪೆಟ್ಟಿಗೆ ಕಾರಲ್ಲೇ ಇದೆ, ಒಂದು ಕೈ ಆಡಿಸಿಬಿಡ್ತೀನಿ."

ಹೆಂಡತಿ ಫಿಲ್ಟರನ್ನು ಕಸಿದುಕೊಂಡಳು. ಮೇಜಿನ ಮೇಲಿದ್ದ ಗಂಜಿಯ ಕಾಗದವನ್ನು ಮತ್ತೆ ಮೊದಲಿನಂತೆ ಮಡಚಿ ಅವನ ಬಾಯಿ ಮೂಗಿಗೆ ಒತ್ತಿ ಹಿಡಿದು, "ಉಸಿರೆಳೀರಿ" ಎಂದಳು. ಎಳೆದ. ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು, ಗಾಳಿ ಮಾತ್ರ ಬರಲಿಲ್ಲ. ಆಮೇಲೆ ಹೊಸದನ್ನು ಹಿಡಿದಳು. ಗಾಳಿ ಅಡೆತಡೆಯಿಲ್ಲದೆ ಎದೆ ತುಂಬ ಇಳಿಯಿತು.

"ಯಾವುದರಲ್ಲಿ ಬಂತು?"

ಅವನು ಗರ್ಭಗುಡಿಯ ಮುಂದೆ ನಿಂತವನಂತೆ ತಲೆ ತಗ್ಗಿಸಿದ. "ಸುಕ್ಕಿನದರಲ್ಲಿ."

"ಅಷ್ಟಗಲದ ಕಾಗದ ಇಷ್ಟು ಜಾಗದಲ್ಲಿ ಕೂತು ಗಾಳಿ ಬಿಡಬೇಕಾದರೆ ನೆರಿಗೆ ಬೇಕೇ ಬೇಕಣ್ಣ," ಎಂದಳು ಅಂಗಡಿಯಾಕೆ. "ಕೊಳೆಯಾದರೆ ಬದಲಾಯಿಸಿ. ದಯವಿಟ್ಟು ನೀರು ತೋರಿಸಬೇಡಿ."

ಹೆಂಡತಿಯೇ ಫಿಲ್ಟರು ಕೂರಿಸಿ ಮುಚ್ಚಳ ಹಾಕಿದಳು; ಗಂಡನನ್ನು ಬಾನೆಟ್ಟಿನ ಹತ್ತಿರ ಸುಳಿಯಗೊಡಲಿಲ್ಲ. ಕಾರು ಮೊದಲ ತಿರುವು ಹತ್ತಿತು, ಎರಡನೆಯದೂ ಹತ್ತಿತು. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ, ಅತಿಥಿಗೃಹದ ಹೆಂಚು ಆಗಲೇ ಕಾಣಿಸುತ್ತಿತ್ತು. ಚಾದರಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗರಿಗರಿ ಅಣ್ಣ ಅದರ ಸುಕ್ಕನ್ನು ಅಂಗೈಯಿಂದ ಸವರುತ್ತಿದ್ದ. ಆಮೇಲೆ ಮೆಲ್ಲಗೆ ಹೆಂಡತಿಯ ಕಡೆ ತಿರುಗಿ, ಬಿಸಿಲಿಗೆ ಕಣ್ಣು ಕಿರಿದಾಗಿಸಿ ದಾರಿ ನೋಡುತ್ತಿದ್ದ ಆ ಮುಖವನ್ನು ನೋಡುತ್ತ ಕೂತ.

"ಏನ್ ಹಾಗೆ ನೋಡ್ತಾ ಇದ್ದೀರಿ?"

"ಏನಿಲ್ಲ. ನಿನ್ನ ಹಣೆ."

ಹೆಂಡತಿ ದಾರಿಯಿಂದ ಕಣ್ಣು ತೆಗೆಯದೆ ಗೇರು ಬದಲಿಸಿದಳು.

"ಕೈ ಮುಂದೆ ಬಂದರೆ ಇಲ್ಲೇ ಇಳಿಸಿ ಹೋಗ್ತೀನಿ ನೋಡಿ."