ಗುರುವಾರ ಬಿಸಿಲು

“ಕೆಲವೆಡೆ ಅಂದ್ರೆ ಯಾವ ಕಡೆಯಪ್ಪ?” ಫೋನಿನ ಆಚೆಯಿಂದ ಅಕ್ಕ ಕೇಳಿದಳು.

ಹವಾಮಾನ ಕಚೇರಿಯಲ್ಲಿ ಕೂತು ಇಡೀ ದೇಶದ ವಾರದ ಮುನ್ಸೂಚನೆ ಬರೆಯುವ ತಮ್ಮನಿಗೆ ಇದು ಹೊಸ ಪ್ರಶ್ನೆಯಲ್ಲ. ಉತ್ತರದ ಬೆಟ್ಟಗಳಿಗೆ ಹಿಮ, ನಡುನಾಡಿಗೆ ಒಣಹವೆ, ಪೂರ್ವ ಕರಾವಳಿಗೆ ಗುರುವಾರ ಚಂಡಮಾರುತ ಎಂದು ಆ ಸೋಮವಾರ ಬರೆದು ಮುಗಿಸಿದ್ದ. ಅಕ್ಕನ ಲಾಂಡ್ರಿ ಇದ್ದದ್ದು ಆ ಕರಾವಳಿಯಲ್ಲೇ, ಬಂದರಿನಿಂದ ಮೂರನೇ ಬೀದಿಯಲ್ಲಿ. ಈ ಸಲ ಕೆಲವೆಡೆ ಅಲ್ಲ, ನಿನ್ನ ಬೀದಿಗೇ ಬರುತ್ತಿದೆ, ಇವತ್ತೇ ಹೊರಡು ಎಂದ.

ಅವಳು ನಕ್ಕಳು. ತಮ್ಮ ಬಿಸಿಲು ಎಂದ ದಿನ ಒಗೆದ ಬಟ್ಟೆಯನ್ನು ಒಳಗೆ ಹಗ್ಗ ಕಟ್ಟಿ ಒಣಗಿಸುವುದು, ಮಳೆ ಎಂದ ದಿನ ಎಲ್ಲವನ್ನೂ ತಾರಸಿಗೆ ಏರಿಸುವುದು ಅವಳ ಹನ್ನೊಂದು ವರ್ಷದ ಪದ್ಧತಿ. ಅದರಿಂದ ಕೆಟ್ಟದ್ದು ಎರಡೇ ಸಲ ಎಂದು ಗಿರಾಕಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಹೋಟೆಲಿನ ಹೊದಿಕೆಗಳು ರಾಶಿ ಬಿದ್ದಿವೆ, ನೀನು ಬಿರುಗಾಳಿ ಎಂದಮೇಲೆ ಧೈರ್ಯವಾಗಿ ನೆನೆಹಾಕುತ್ತೇನೆ ಎಂದಳು.

ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಮಂಗಳವಾರವೂ ಬೇಡಿಕೊಂಡ, ಬೈದ, ಕೊನೆಗೆ ಆಕಾಶದಿಂದ ತೆಗೆದ ಚಂಡಮಾರುತದ ಚಿತ್ರವನ್ನೇ ಕಳಿಸಿದ. ಇಂಥ ಕಲೆ ಸೋಡಾ ಹಾಕಿ ಉಜ್ಜಿದರೆ ಹೋಗುತ್ತದೆ ಎಂದು ಉತ್ತರ ಬಂತು. ಅವನಿಗೆ ಅಳು ಬರುವುದೊಂದು ಬಾಕಿ.

ಬುಧವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಮತ್ತೆ ಫೋನ್ ಮಾಡಿದ.

“ಅಕ್ಕ, ನನ್ನ ಲೆಕ್ಕ ತಪ್ಪಿತ್ತು. ಗಾಳಿ ಬೇರೆ ಕಡೆ ತಿರುಗಿದೆ. ಹೊರಗೆ ಇನ್ನೂ ಹೇಳಿಲ್ಲ. ನಾಳೆ ನಿಮ್ಮೂರಲ್ಲಿ ಒಳ್ಳೇ ಬಿಸಿಲು.”

ಆ ಕಡೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು.

“ಬಿಸಿಲಾ?”

“ನೂರಕ್ಕೆ ನೂರು. ನೀನು ಎಲ್ಲೂ ಹೋಗ್ಬೇಡ.”

ಫೋನ್ ಪಟ್ಟನೆ ಕಟ್ಟಾಯಿತು. ಗಿರಾಕಿಗಳ ಬಟ್ಟೆಯನ್ನೆಲ್ಲ ಮೂಟೆ ಕಟ್ಟಿ, ತನ್ನ ಮಾತು ನಂಬಿ ಉಳಿದಿದ್ದ ನಾಲ್ಕು ಮನೆಯವರನ್ನೂ ಹೊರಡಿಸಿಕೊಂಡು, ಸಂಜೆಯೊಳಗೆ ಅವಳು ಒಳನಾಡಿನ ಶಾಲೆಯೊಂದನ್ನು ಸೇರಿಕೊಂಡಳು. ಸುದ್ದಿ ತಿಳಿದು ತಮ್ಮನಿಗೆ ಹೋದ ಜೀವ ಬಂದಂತಾಯಿತು. ಎರಡು ದಿನದ ಮೇಲೆ ಹೊಟ್ಟೆತುಂಬ ಉಂಡ.

ಗುರುವಾರ ಚಂಡಮಾರುತ ಸಮುದ್ರದಲ್ಲೇ ಹೊರಳಿ ದೂರ ಸರಿದುಹೋಯಿತು. ಪೂರ್ವ ಕರಾವಳಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಲಕ್ಷಾಂತರ ಜನರನ್ನು ಸುಮ್ಮನೆ ಓಡಾಡಿಸಿದರೆಂದು ದೇಶಕ್ಕೆ ದೇಶವೇ ಹವಾಮಾನ ಕಚೇರಿಯ ಮೇಲೆ ಹರಿಹಾಯ್ದಿತು. ಮೇಲಧಿಕಾರಿ ವಿವರಣೆ ಕೇಳಿದರು. ಅದನ್ನು ಬರೆಯಲಾರದೆ ಅವನು ಪೆನ್ನು ಕಚ್ಚುತ್ತ ಕೂತಿದ್ದಾಗ ಅಕ್ಕನ ಫೋನ್ ಬಂತು. ದನಿಯಲ್ಲಿ ಎಂದೂ ಇಲ್ಲದ ಮರ್ಯಾದೆ.

“ತಪ್ಪು ನಂದೇ ಕಣೋ. ನೀನು ಸರಿಯಾಗೇ ಹೇಳಿದ್ದೆ, ನಾನೇ ನಂಬದೆ ಓಡಿದೆ. ಇನ್ಮೇಲೆ ನಿನ್ನ ಮಾತಿಗೆ ಎದುರಾಡಲ್ಲ.”

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ನೀನು ಕ್ಷೇಮವಾಗಿದ್ದೀಯಲ್ಲ, ಅಷ್ಟು ಸಾಕು ಎಂದ.

“ನೀನೇನೂ ಯೋಚನೆ ಮಾಡ್ಬೇಡ,” ಎಂದಳು ಅಕ್ಕ. “ಎಲ್ಲರೂ ನಿನ್ನ ಬೈತಿದ್ರೆ ನಾನು ಸುಮ್ನಿರೋದಾ? ಪೇಪರಿನವರನ್ನ ಕರೆದು ಕೂರಿಸಿ ಹೇಳಿದೀನಿ. ಬಿಸಿಲು ಬರೋದು ನನ್ನ ತಮ್ಮನಿಗೆ ಮೊದಲೇ ಗೊತ್ತಿತ್ತು, ಹಿಂದಿನ ದಿನವೇ ನನ್ನ ಕಿವಿಗೆ ಹಾಕಿದ್ದ ಅಂತ. ಫೋಟೋನೂ ತಗೊಂಡು ಹೋದ್ರು.”